ಓದಲಾಗದ ಕಡೆ

"ಇನ್ನು ನನ್ನ ಕೈಲಾಗಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊ," ಎಂದು ಅವನು ಕಾಗದದ ಕಂತೆಯನ್ನು ಮೇಜಿನ ಆಚೆ ತುದಿಗೆ ತಳ್ಳಿದ.

ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಗಂಡ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು, ಕೈಯಲ್ಲಿದ್ದ ಟವೆಲನ್ನು ಪೂರ್ತಿ ಮಡಚಿಟ್ಟ ಮೇಲೆ ತಲೆ ಎತ್ತಿದಳು. ಅವನು ಆಗಲೇ ಕಂಪ್ಯೂಟರ್ ಮುಚ್ಚಿ, ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಚಪ್ಪಲಿ ಹುಡುಕುತ್ತಿದ್ದ. ಶನಿವಾರ ಮಧ್ಯಾಹ್ನ ಮೂರು ಗಂಟೆ. ಅವನ ಔಷಧಿ ಅಂಗಡಿ ಮತ್ತೆ ತೆರೆಯುವುದು ನಾಲ್ಕಕ್ಕೆ.

"ಎಷ್ಟನೇ ಪುಟದಲ್ಲಿದ್ದೀರಿ?"

"ನೂರಾ ಹನ್ನೆರಡು."

"ಇನ್ನೂ ನೂರಾ ನಲವತ್ತೆಂಟು ಪುಟ ಇದೆಯಲ್ರೀ!"

"ಎಣಿಸೋಕೆ ನಂಗೂ ಬರುತ್ತೆ."

"ತಿಂಗಳ ಕೊನೆಗೆ ಕೊಡದಿದ್ರೆ ಪ್ರಕಾಶಕರು ಮುಂದಿನ ವರ್ಷಕ್ಕೆ ತಳ್ತಾರೆ. ಆರು ವರ್ಷ ಬರೆದಿದ್ದೀನಿ ಇದನ್ನ."

"ಬರೆದವಳು ನೀನೇ ತಾನೆ? ನೀನೇ ಓದ್ಕೊಂಡು ಟೈಪ್ ಮಾಡ್ಕೊ."

ಆ ಮನೆಯಲ್ಲಿ ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿರಲಿಲ್ಲ. ಅವಳು ಬರೆದದ್ದನ್ನು ಅವಳಿಗೇ ಓದಲು ಬರುತ್ತಿರಲಿಲ್ಲ.

ವಿಮಾ ಕಚೇರಿಯ ಪರಿಹಾರ ವಿಭಾಗದಲ್ಲಿ ಅವಳು ಗುಮಾಸ್ತೆ. ಕಚೇರಿಯ ಅರ್ಜಿಗಳಲ್ಲಿ ಅವಳ ಅಕ್ಷರ ಮುತ್ತು ಪೋಣಿಸಿದಂತಿರುತ್ತಿತ್ತು. ಕಾದಂಬರಿಗೆ ಕೂತರೆ ಮಾತ್ರ ತಲೆ ಮುಂದೆ ಓಡಿ ಕೈ ಹಿಂದೆ ಬಿದ್ದು, ಪುಟವೆಲ್ಲ ಕಾಗೆ ಕಾಲು ಗುಬ್ಬಿ ಕಾಲು. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ರದ್ದಾದ ಅರ್ಜಿಗಳ ಹಿಂಬದಿಯಲ್ಲಿ ಗೀಚಿದ್ದು ವಾರ ಕಳೆಯುವಷ್ಟರಲ್ಲಿ ಅವಳಿಗೇ ಅಪರಿಚಿತವಾಗುತ್ತಿತ್ತು. ನೇರವಾಗಿ ಟೈಪ್ ಮಾಡಿ ನೋಡಿದ್ದಳು. ಕೀಲಿಮಣೆಯ ಮುಂದೆ ಕೂತರೆ 'ತಮ್ಮ ಪತ್ರ ತಲುಪಿದೆ' ಎನ್ನುವಂಥ ವಾಕ್ಯ ಬಿಟ್ಟು ಇನ್ನೇನೂ ಹೊರಡುತ್ತಿರಲಿಲ್ಲ.

ಗಂಡನಾದರೋ ಇಪ್ಪತ್ತೆರಡು ವರ್ಷದಿಂದ ವೈದ್ಯರ ಚೀಟಿ ಓದುತ್ತ ಬಂದವನು. ಯಾರಿಗೂ ಬಿಡಿಸಲಾಗದ ಕೈಬರಹ ಓದುವುದರಲ್ಲಿ ಎತ್ತಿದ ಕೈ. ಹಳೆಯ ಆಸ್ತಿಪತ್ರ, ಸತ್ತವರು ಬರೆದಿಟ್ಟ ಕಾಗದ, ಎಲ್ಲವನ್ನೂ ಜನ ಅವನ ಗಲ್ಲಾಪೆಟ್ಟಿಗೆಯ ಮುಂದೆ ತಂದು ಹಿಡಿಯುತ್ತಿದ್ದರು. ಅವನು ಕನ್ನಡಕ ಏರಿಸಿ ಸರಾಗವಾಗಿ ಓದಿಬಿಡುತ್ತಿದ್ದ. ಅವಳ ಹಿಂದಿನ ಎರಡು ಕಾದಂಬರಿಗಳನ್ನೂ ಮಧ್ಯಾಹ್ನದ ನಿದ್ದೆ ಬಿಟ್ಟು ಟೈಪ್ ಮಾಡಿದವನು ಅವನೇ. ಪುಸ್ತಕದ ಮೊದಲ ಪುಟಗಳಲ್ಲಿ ಪ್ರಕಾಶಕರಿಗೆ, ಮುಖಪುಟ ಬರೆದವರಿಗೆ, ಕಚೇರಿಯ ಗೆಳತಿಯರಿಗೆ, ಕೊನೆಗೆ ಬಸ್ಸಿನ ಕಂಡಕ್ಟರನಿಗೆ ಕೂಡ ಅವಳ ಕೃತಜ್ಞತೆ ಇತ್ತು. ಗಂಡನ ಹೆಸರಿರಲಿಲ್ಲ. ಅವನು ಕೇಳಲಿಲ್ಲ, ಕೇಳದವರಿಗೆ ಕೊಡುವ ಅಭ್ಯಾಸ ಅವಳಿಗಿರಲಿಲ್ಲ.

"ಹೊಟ್ಟೆಕಿಚ್ಚು," ಎಂದಳು ಅವಳು. "ಎರಡನೇ ಪುಸ್ತಕಕ್ಕೆ ಬಹುಮಾನ ಬಂದಾಗಿಂದ ನೋಡ್ತಾನೇ ಇದ್ದೀನಿ ನಿಮ್ಮನ್ನ."

ಅವನು ಚಪ್ಪಲಿ ಮೆಟ್ಟಿಕೊಂಡು, ಬಾಗಿಲನ್ನು ಹೇಗೆ ಎಳೆದುಕೊಂಡು ಹೋದನೆಂದರೆ ಮಡಚಿಟ್ಟ ಬಟ್ಟೆಯ ಗೋಪುರ ಕುಸಿದುಬಿತ್ತು.

ಮುಂದಿನ ನಾಲ್ಕು ದಿನ ಗಂಡ ಹೆಂಡತಿ ಎಣ್ಣೆ ಸೀಗೆಕಾಯಿಯಾಗಿ ಬದುಕಿದರು. ಅವನು ತನ್ನ ತಟ್ಟೆ ತಾನೇ ತೊಳೆದಿಟ್ಟ. ಅವಳು ತನ್ನ ಕಾಫಿ ತಾನೊಬ್ಬಳೇ ಮಾಡಿಕೊಂಡಳು. ಕಚೇರಿಯಿಂದ ಬಂದವಳೇ ಕಂತೆ ಬಿಚ್ಚಿಕೊಂಡು ಭೂತಗನ್ನಡಿ ಹಿಡಿದು ಕೂರುತ್ತಿದ್ದಳು. ಒಂದು ಸಂಜೆಗೆ ಹನ್ನೊಂದು ಸಾಲು ಸಿಕ್ಕಿತು, ಅದರಲ್ಲಿ ನಾಲ್ಕು ಅನುಮಾನ. ಯಾವ ಪುಟದಲ್ಲಿ ಏನಾಗುತ್ತದೆಂದು ಗೊತ್ತಿತ್ತು, ಯಾವ ಮಾತಿನಲ್ಲಿ ಆಗುತ್ತದೆ ಎನ್ನುವುದೇ ಹೋಗಿಬಿಟ್ಟಿತ್ತು. ಮಾತೇ ಹೋದ ಮೇಲೆ ಕಾದಂಬರಿಯಲ್ಲಿ ಉಳಿಯುವುದೇನು? ಅವಳಿಗೆ ಅಳು ಬಂತು. ಪಕ್ಕದ ಕೋಣೆಯಲ್ಲಿದ್ದವನಿಗೆ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ ಅತ್ತಳು. ಅವನು ಟೀವಿಯ ಸದ್ದು ಹೆಚ್ಚಿಸಿದ.

ಬುಧವಾರ ಕಚೇರಿ ಮುಗಿಸಿಕೊಂಡು ಅವಳು ಹತ್ತು ಪುಟ ಹಿಡಿದು ಇನ್ನೊಂದು ಔಷಧಿ ಅಂಗಡಿಗೆ ಹೋದಳು. ಊರಲ್ಲಿ ಬೇರೆ ಅಂಗಡಿಗಳಿರಲಿಲ್ಲ ಎಂದಲ್ಲ. ಗಂಡನ ಅಂಗಡಿಗೆ ಸರಿಯಾಗಿ ಎದುರಿಗಿದ್ದುದನ್ನೇ ಆರಿಸಿಕೊಂಡಳು. ರಸ್ತೆಯಾಚೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅವನು ನೋಡುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡೇ ಮೆಟ್ಟಿಲು ಹತ್ತಿದಳು.

"ಏನ್ ಮೇಡಂ, ನಮ್ಮಂಗ್ಡೀಗೆ ನೀವು! ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ?" ಎಂದ ಎದುರಂಗಡಿಯವ. ಪುಟವನ್ನು ದೂರ ಹಿಡಿದ, ಹತ್ತಿರ ಹಿಡಿದ, ಓರೆ ಮಾಡಿದ. "ದಿನಕ್ಕೆರಡು, ಊಟಕ್ಕೆ ಮುಂಚೆ. ಅಲ್ವಾ?"

"ಅಲ್ಲ. ಅದು ಒಬ್ಬ ಹೆಂಗಸು ಮೆಟ್ಟಿಲು ಹತ್ತೋ ವಿಷಯ."

"ಹೌದಾ? ನಂಗ್ಯಾಕೋ ಜ್ವರದ ಮಾತ್ರೆ ಥರ ಕಾಣ್ತಿದೆ." ಅವನು ನಕ್ಕು ಪುಟ ವಾಪಸು ಕೊಟ್ಟ. "ನಮ್ಮಪ್ಪನಾಣೆ ಓದಕ್ಕಾಗಲ್ಲ ಮೇಡಂ. ಚೀಟಿ ಆಗಿದ್ರೆ ಡಾಕ್ಟ್ರಿಗೆ ಫೋನ್ ಮಾಡಿ ಕೇಳ್ತಿದ್ದೆ. ಅವ್ರು ಬೈತಾರೆ. ಬೈಸ್ಕೊಂಡು ಕೊಡ್ತೀನಿ. ದಿನಕ್ಕೆ ನಾಲ್ಕೈದು ಸಲ ಆಗುತ್ತೆ."

"ನಮ್ಮನೆಯವರು ಒಂದ್ಸಲಾನೂ ಮಾಡಿದವರಲ್ಲ."

"ಅದೇ ಅಲ್ವಾ ಅವ್ರ ಹೆಸ್ರು! ಇಪ್ಪತ್ತೆರಡು ವರ್ಷದಲ್ಲಿ ಒಂದು ಫೋನ್ ಇಲ್ಲ." ಅವನು ರಸ್ತೆಯಾಚೆ ನೋಡಿ ದನಿ ತಗ್ಗಿಸಿದ. "ನಂಗಂತೂ ಅರ್ಥ ಆಗಿಲ್ಲ ಮೇಡಂ. ಓದಕ್ಕಾಗ್ದೇ ಇರೋ ಚೀಟಿ ಎಲ್ಲರ ಅಂಗ್ಡೀಗೂ ಬರುತ್ತೆ."

ಗಂಡನ ಮುಖಕ್ಕೆ ಮಸಿ ಬಳಿಯಲು ಹೋದವಳು ಆ ಒಂದು ಮಾತನ್ನು ಹೊತ್ತುಕೊಂಡು ಮೆಟ್ಟಿಲಿಳಿದಳು. ಮನೆ ತಲುಪುವವರೆಗೂ ಅದು ಕಾಲಿಗೆ ಸಿಕ್ಕಿಕೊಂಡೇ ಬಂತು. ಅಕ್ಷರ ತಿಳಿಯದಿದ್ದರೂ ನೂರಾ ಹನ್ನೆರಡನೇ ಪುಟದಲ್ಲಿ ಏನಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಂದ ಮುಂದಕ್ಕೆ ಔಷಧಿ ಅಂಗಡಿಯ ಕಥೆ, ಊರಲ್ಲಿ ನಿಜವಾಗಿ ನಡೆದದ್ದು.

ಹನ್ನೊಂದು ವರ್ಷದ ಹಿಂದೆ ಪಕ್ಕದ ಬೀದಿಯ ಟೈಲರಮ್ಮ ಮಂಡಿ ನೋವೆಂದು ಹೊಸ ಡಾಕ್ಟರ ಹತ್ತಿರ ಹೋಗಿ, ಚೀಟಿಯನ್ನು ಅವಳ ಗಂಡನ ಅಂಗಡಿಗೆ ತಂದಿದ್ದರು. ಮನೆಗೆ ಹೋದದ್ದು ಸಕ್ಕರೆ ಕಾಯಿಲೆಯವರು ನುಂಗುವ ಮಾತ್ರೆ. ಸಕ್ಕರೆ ಕಾಯಿಲೆಯೇ ಇಲ್ಲದ ಹೆಂಗಸು ಮಾರನೆಯ ದಿನ ಕಣ್ಣು ಕತ್ತಲಿಟ್ಟು ಮೆಟ್ಟಿಲಿಂದ ಉರುಳಿ ಸೊಂಟದ ಮೂಳೆ ಮುರಿದುಕೊಂಡರು. ಜೀವ ಉಳಿಯಿತು, ಒಂದು ಕಾಲು ಗಿಡ್ಡವಾಯಿತು. ಚೀಟಿಯನ್ನು ನೋಡಿದವರೆಲ್ಲ ಅದನ್ನು ಏನೆಂದು ಬೇಕಾದರೂ ಓದಬಹುದು ಎಂದರು. ಗಂಡ ಮಾತ್ರ, "ನಂಗೆ ಕಂಡಿದ್ದು ಅದೇ. ಅವ್ರು ಬರೆದಿದ್ದೇ ಅದು," ಎಂದ. ಎಂಥ ಬರಹವನ್ನೂ ಓದಬಲ್ಲವನ ಮಾತಿಗೆ ಎದುರುಂಟೆ? ಡಾಕ್ಟರು ಇನ್ನೂ ಮೂವತ್ತು ತುಂಬದ ಹುಡುಗಿ. ಜನ ಅವಳ ಕ್ಲಿನಿಕ್ಕಿನ ಗಾಜು ಒಡೆದರು. ತಿಂಗಳೊಳಗೆ ಅವಳು ಬೋರ್ಡು ಕಳಚಿಕೊಂಡು ಊರು ಬಿಟ್ಟಳು.

ಲೇಖಕಿಗೆ ಇದು ಆರು ವರ್ಷದ ಬಂಡವಾಳ. ಕಾದಂಬರಿಯ ನಡುಮೂಳೆಯೇ ಆ ಚೀಟಿ. ಅದರಲ್ಲಿ ಅಂಗಡಿಯವನು ಸಾಕ್ಷಾತ್ ಸತ್ಯವಂತ, ಡಾಕ್ಟರು ಉಡಾಫೆಯ ಹೆಣ್ಣು. ಕೃತಜ್ಞತೆಯ ಪುಟದಲ್ಲಿ ಕೊಡದೆ ಉಳಿಸಿಕೊಂಡದ್ದನ್ನೆಲ್ಲ ಈ ಅಂಗಡಿಯವನ ರೂಪದಲ್ಲಿ ಗಂಡನಿಗೆ ಒಟ್ಟಿಗೆ ಕೊಡುತ್ತಿದ್ದೇನೆ ಎಂದು ಅವಳು ಒಳಗೊಳಗೇ ಬೀಗುತ್ತಿದ್ದಳು. ಟೈಪ್ ಮಾಡುತ್ತ ಮಾಡುತ್ತ ಅವನ ಕಣ್ಣು ತುಂಬಿಬರುತ್ತದೆ ಎಂದೂ ಊಹಿಸಿಕೊಂಡಿದ್ದಳು.

ಗುರುವಾರ ಅರ್ಧ ದಿನ ರಜೆ ಹಾಕಿದಳು. ಅವನು ಅಂಗಡಿ ಮುಚ್ಚಿ ಒಂದೂವರೆಗೆ ಊಟಕ್ಕೆ ಬಂದಾಗ ಎದುರಿಗೇ ಕೂತಳು.

"ಟೈಲರಮ್ಮನ ಚೀಟೀನ ನೀವು ಓದಿದ್ರಾ, ಊಹೆ ಮಾಡಿದ್ರಾ?"

ಅವನ ಕೈ ತಟ್ಟೆಯಲ್ಲೇ ನಿಂತಿತು. ಬೈಗುಳ ಬರುತ್ತದೆಂದು ಅವಳು ಕಾದಳು. ಬಂದದ್ದು ಬೇರೆ.

"ಮೊದಲ ಎರಡಕ್ಷರ ಕಾಣ್ತಿತ್ತು. ಉಳಿದಿದ್ದು ಬರೀ ಗೆರೆ. ಅಂಗಡೀಲಿ ಆರು ಜನ ನಿಂತಿದ್ರು. ನಿನ್ನೆ ಮೊನ್ನೆ ಬಂದ ಹುಡುಗಿಗೆ ಫೋನ್ ಮಾಡಿ, 'ಓದಕ್ಕಾಗ್ತಿಲ್ಲಮ್ಮಾ' ಅನ್ನಬೇಕಿತ್ತು. ಎಲ್ಲರ ಮುಂದೆ. ನಾನು!"

"ಮತ್ತೆ ನಂಗೆ ಹೇಳಿದ್ದು?"

"ಊರಿಗೆಲ್ಲ ಹೇಳಿದ್ದನ್ನೇ ನಿಂಗೂ ಹೇಳಿದೆ." ಅವನು ತಟ್ಟೆ ಸರಿಸಿದ. ಮುಖ ಕೆಂಪಾಗಿತ್ತು. "ನೀನೇನು ಬರೆದಿದ್ದೀಯ? ಅಂಗಡಿಯವನು ಚೀಟೀನ ಬೆಳಕಿಗೆ ಹಿಡಿದು ಎರಡೆರಡು ಸಲ ಓದಿದ ಅಂತ. ಅವನು ಸುಳ್ಳು ಅಂದ್ರೇನು ಅಂತ ತಿಳೀದವನು ಅಂತ. ಅದನ್ನ ನನ್ನ ಕೈಯಲ್ಲೇ ಟೈಪ್ ಮಾಡಿಸ್ತೀಯಲ್ಲ, ನಿಂಗೆ ನಾಚಿಕೆ ಆಗಲ್ವಾ?"

"ನಂಗೆ ನಾಚಿಕೆ! ಸುಳ್ಳು ಹೇಳಿದವರು ನೀವು, ನಾಚಿಕೆ ನಂಗೆ?"

ಆಮೇಲೆ ಅವಳು ಕೇಳಬೇಕಾದದ್ದು ಎಷ್ಟೋ ಇತ್ತು. ಹನ್ನೊಂದು ವರ್ಷದಿಂದ ಒಬ್ಬಳು ಕುಂಟುತ್ತಿದ್ದಾಳೆ, ಒಬ್ಬಳು ಊರು ಬಿಟ್ಟು ಹೋಗಿದ್ದಾಳೆ. ಆದರೆ ಲೇಖಕಿಯ ಬಾಯಿಂದ ಹೊರಟ ಮುಂದಿನ ಪ್ರಶ್ನೆ ಬೇರೆಯೇ ಆಗಿತ್ತು.

"ನನ್ನ ಪುಸ್ತಕಗಳಲ್ಲೂ ಊಹೆ ಮಾಡಿದ್ದೀರಾ?"

ಅವನು ಕೈ ತೊಳೆದುಕೊಂಡು ಬಂದು ಕಪಾಟಿನಿಂದ ಮೊದಲ ಕಾದಂಬರಿ ತೆಗೆದ. ಹಾಳೆ ತಿರುವುತ್ತ ಬೆರಳಿಟ್ಟು ತೋರಿಸಿದ. ನಾಲ್ಕು ಕಡೆ. ಮೂರು ಸಾಧಾರಣ ವಾಕ್ಯಗಳು, ಯಾರು ಬರೆದರೂ ಒಂದೇ. ನಾಲ್ಕನೆಯದನ್ನು ಅವಳು ಎರಡು ಸಲ ಓದಿದಳು. 'ಆ ಮನೆಯಲ್ಲಿ ಎಲ್ಲರಿಗೂ ಹಸಿವಾಗಿತ್ತು, ಯಾರೂ ಹೇಳಲಿಲ್ಲ.' ಈ ವಾಕ್ಯ ಇಡೀ ಕಾದಂಬರಿಗೆ ಅಪಸ್ವರ ಎಂದು ಒಬ್ಬ ವಿಮರ್ಶಕ ಬರೆದಿದ್ದ. ಅದೇ ಈ ಕೃತಿಯ ಬೀಗದ ಕೈ, ಅದನ್ನು ಪಡೆಯಲು ತಾನು ವರ್ಷಗಟ್ಟಲೆ ಕಾದಿದ್ದೆ ಎಂದು ಅವಳು ಎರಡು ಪುಟದ ಉತ್ತರ ಪ್ರಕಟಿಸಿ ಅವನ ಬಾಯಿ ಮುಚ್ಚಿಸಿದ್ದಳು.

"ಇದೂ ನಿಮ್ಮದಾ?"

"ಇಡೀ ಸಾಲು ಬೆವರಿಗೆ ಕಲಸಿಹೋಗಿತ್ತು. ಬಸ್ಸಲ್ಲಿ ಬರೆದಿದ್ದೆ ನೀನು."

"ನಾನು ಆ ಉತ್ತರ ಬರೆದಾಗಲಾದ್ರೂ ಬಾಯಿ ಬಿಡಬಹುದಿತ್ತಲ್ರೀ!"

"ಆ ಉತ್ತರಾನೂ ನಾನೇ ಟೈಪ್ ಮಾಡಿದ್ದು. ಚೆನ್ನಾಗಿ ಬರೆದಿದ್ದೆ. ಸುಮ್ಮನಾದೆ."

ಅವಳಿಗೆ ಪುಸ್ತಕವನ್ನು ಅವನ ತಲೆಗೆ ಎಸೆಯಬೇಕೆನಿಸಿತು. ಎಸೆದೂ ಬಿಟ್ಟಳು. ಅದು ಭುಜಕ್ಕೆ ತಾಗಿ ನೆಲಕ್ಕೆ ಬಿತ್ತು. "ನಾನು ಪಕ್ಕದ ಕೋಣೇಲೇ ಇದ್ದೆನಲ್ಲ! ಎದ್ದು ಬಂದು ಇದೇನು ಅಂತ ಒಂದು ಮಾತು ಕೇಳೋಕೆ ನಿಮಗೇನಾಗಿತ್ತು ರೋಗ?"

"ಕೇಳಿದ್ದೆ," ಎಂದ ಅವನು. "ಮೊದಲನೇ ಪುಸ್ತಕ, ಮೂರನೇ ದಿನ. ನೀನು ಏನಂದೆ ನೆನಪಿದೆಯಾ? 'ನಿಮಗೂ ಓದಕ್ಕಾಗಲ್ಲ ಅಂದ್ರೆ ನೀವಿದ್ದು ಏನು ಉಪಯೋಗ' ಅಂದೆ."

ನೆನಪಿಲ್ಲ ಎಂದು ಹೇಳಲು ಬಾಯಿ ತೆರೆದವಳಿಗೆ ನೆನಪಾಯಿತು. ಆವತ್ತು ಕಚೇರಿಯಲ್ಲಿ ಯಾರೋ ಏನೋ ಅಂದಿದ್ದರು, ಬಂದು ಇವನ ಮೇಲೆ ಹರಿಹಾಯ್ದಿದ್ದಳು. ಅವಳ ಪಾಲಿಗೆ ಅದು ಬಂದುಹೋದ ಸಿಡುಕು. ಇವನು ಅದನ್ನು ಹೊಟ್ಟೆಯೊಳಗಿಟ್ಟುಕೊಂಡು ಒಂಬತ್ತು ವರ್ಷ ಟೈಪ್ ಮಾಡಿದ್ದಾನೆ. ಅವಳಿಗೆ ಅವನ ಮೇಲೆ ಅಸಹ್ಯವೂ ತನ್ನ ಮೇಲೆ ಅದಕ್ಕಿಂತ ಹೆಚ್ಚು ಅಸಹ್ಯವೂ ಆಯಿತು.

ಅವಳು ನೆಲದ ಮೇಲಿದ್ದ ಪುಸ್ತಕವನ್ನು ಎತ್ತಿ ಕಪಾಟಿಗಿಟ್ಟಳು. ಆಮೇಲೆ, "ಅಂಗಡಿ ಕಥೇನ ತೆಗೆದುಬಿಡ್ತೀನಿ," ಎಂದಳು. ಹೇಳುವಾಗಲೇ ಅದರಲ್ಲಿ ಮನಸ್ಸಿರಲಿಲ್ಲ.

"ತೆಗೆದ್ರೆ ಅದರಲ್ಲಿ ಇನ್ನೇನಿದೆ? ಅಷ್ಟಾದರೂ ಓದಿದ್ದೀನಿ ನಾನು. ಹೇಗಾಯ್ತೋ ಹಾಗೆ ಬರಿ." ಅವನು ಅವಳ ಮುಖವನ್ನೇ ನೋಡಿದ. "ಮನಸ್ಸಲ್ಲಿ ಆಗ್ಲೇ ಶುರು ಮಾಡಿದ್ದೀಯ. ನಂಗೆ ಗೊತ್ತಾಗಲ್ವಾ?"

ಅದು ನಿಜವಾಗಿತ್ತು. ಆರು ಜನ ನಿಂತಿದ್ದ ಅಂಗಡಿ, ಕೈ ಚಾಚಿದರೆ ಸಿಗುವ ಫೋನು, ಅದನ್ನು ಎತ್ತದ ಕೈ. ಎರಡು ವಾಕ್ಯ ಆಗಲೇ ಕೂಡಿಕೊಂಡಿದ್ದವು. ಗಂಡ ಎದುರಿಗೆ ಕುಸಿದು ಕೂತಿರುವಾಗ ಅವಳ ತಲೆ ಆ ಕೆಲಸ ಮಾಡುತ್ತಿತ್ತು. ಇಂಥವಳನ್ನು ಕಟ್ಟಿಕೊಂಡು ಅವನು ಹೇಗೆ ಬಾಳಿದನೋ.

"ಪುಸ್ತಕ ಬಂದ್ರೆ ನಿಮ್ಮ ಅಂಗಡಿ ಉಳಿಯಲ್ಲ," ಎಂದಳು.

"ಟೈಲರಮ್ಮ ನಿನ್ನ ಪುಸ್ತಕ ಒಂದೂ ಬಿಡದೆ ಓದ್ತಾರೆ. ಅದರಲ್ಲಿ ಓದಿ ತಿಳ್ಕೊಳ್ಳೋ ಹಾಗಾಗಬಾರದು. ಮೊದಲು ಹೋಗಿ ಹೇಳ್ಬೇಕು. ನೀನೂ ಬಾ. ಒಬ್ಬನೇ ಹೋದ್ರೆ ಅರ್ಧ ದಾರೀಲಿ ವಾಪಸ್ ಬರ್ತೀನಿ ನಾನು."

ಟೈಲರಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ನೇತುಹಾಕಿದ ಅರ್ಧ ಹೊಲಿದ ಬಟ್ಟೆಗಳು, ಕಿಟಕಿಯ ಪಕ್ಕ ಅಳತೆ ಪಟ್ಟಿ. ಅವರ ಒಂದು ಚಪ್ಪಲಿಯ ಅಡಿ ಇನ್ನೊಂದಕ್ಕಿಂತ ಮೂರು ಬೆರಳು ದಪ್ಪ. ಅವನು ಕೂರಲಿಲ್ಲ. ನಿಂತುಕೊಂಡೇ, ಅಂಗಡಿಯಲ್ಲಿ ಮಾತ್ರೆ ನುಂಗುವ ಕ್ರಮ ಹೇಳುವವನಂತೆ ಒಂದೇ ಉಸಿರಿಗೆ ಎಲ್ಲ ಹೇಳಿದ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಯಂತ್ರ ನಿಂತಿತು.

"ಆ ಹುಡುಗಿ ಇಲ್ಲೇ, ಈ ಬಾಗಿಲಿಗೆ ಬಂದಿದ್ಲು," ಎಂದರು ಟೈಲರಮ್ಮ. "'ನಾನು ಹಾಗೆ ಬರೆದಿಲ್ಲ ಅಮ್ಮಾ, ನಂಬಿ' ಅಂತ ಗೋಗರೆದ್ಲು. ನಾನು ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿದೆ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಕಾಲು ನೆಲಕ್ಕಿಟ್ಟಾಗೆಲ್ಲ ಅವಳಿಗೆ ಶಾಪ ಹಾಕಿದ್ದೀನಿ. ಅವಳ ಮಕ್ಕಳಿಗೂ ಹಾಕಿದ್ದೀನಿ. ಅವಳಿಗೆ ಮಕ್ಕಳಿದ್ದಾರೋ ಇಲ್ವೋ ಅದೂ ಗೊತ್ತಿಲ್ಲ ನಂಗೆ."

"ತಪ್ಪಾಯ್ತು," ಎಂದ ಅವನು.

"ಅದನ್ನ ಇಲ್ಲಿ ಹೇಳಿದ್ರೆ ಏನು ಬಂತು? ಅವಳನ್ನ ಹುಡುಕಿ ಅವಳ ಮುಂದೆ ಹೇಳಿ." ಅವರು ಬಾಗಿಲ ಕಡೆ ತಿರುಗಿದರು. "ನೀನು ಇದನ್ನೂ ಬರೀತೀಯೇನಮ್ಮ?"

ಅವಳು ಗಂಡನ ಕಡೆ ನೋಡಿದಳು. ಅವನೇ, "ಬರೀತಾಳೆ," ಎಂದ.

"ನಿಮ್ಮನ್ನ ಕೇಳಲಿಲ್ಲ ನಾನು."

"ಬರೀತೀನಿ," ಎಂದಳು ಅವಳು.

"ಹಾಗಾದ್ರೆ ನಾನು ಬಾಗಿಲು ಹಾಕಿದ್ದನ್ನೂ ಬರಿ. ನನ್ನನ್ನ ಪಾಪದ ಹೆಂಗಸು ಅಂತ ಮಾಡಿ ಕೂರಿಸಬೇಡ. ಈಗ ಎದುರಿಂದ ಹೋಗಿ ಇಬ್ರೂ."

ಮಾರನೆಯ ದಿನ ಟೈಲರಮ್ಮ ತಮ್ಮ ರಕ್ತದೊತ್ತಡದ ಮಾತ್ರೆಗೆ ಎದುರಂಗಡಿಗೆ ಹೋದರು. ಅಂಗಡಿ ಯಾಕೆ ಬದಲಿಸಿದಿರಿ ಎಂದು ಜನ ಕೇಳಿದರು, ಕೇಳಿದವರಿಗೆಲ್ಲ ಅವರು ಹೇಳಿದರು. ವಾರದೊಳಗೆ ಇವನ ಅಂಗಡಿಯ ಮುಂದೆ ಸಾಲು ಕರಗಿತು. ಒಬ್ಬ ಹಳೆಯ ಗಿರಾಕಿಯಂತೂ ಕೊಂಡ ಮಾತ್ರೆಯನ್ನು ಇವನ ಕಣ್ಣೆದುರೇ ರಸ್ತೆ ದಾಟಿಸಿ, ಸರಿಯಾಗಿದೆಯಾ ಎಂದು ಎದುರಂಗಡಿಯವನಿಗೆ ತೋರಿಸಿ ಬಂದ. ಇವನು ಡಾಕ್ಟರ ವಿಳಾಸಕ್ಕಾಗಿ ಅವಳು ಓದಿದ ಕಾಲೇಜಿಗೆ ಪತ್ರ ಹಾಕಿದ. ಉತ್ತರ ಬರಲಿಲ್ಲ. ಇನ್ನೊಂದು ಹಾಕಿದ.

ಮನೆಯಲ್ಲಿ ಸಿಹಿ ಮಾತೇನೂ ಹುಟ್ಟಲಿಲ್ಲ. "ನಿನ್ನ ಕಾದಂಬರಿಗೆ ನನ್ನ ಅನ್ನ ಹೋಯ್ತು," ಎಂದು ಅವನು ದಿನಕ್ಕೊಮ್ಮೆ ಕುಟುಕಿದ. "ನಿಮ್ಮ ಸುಳ್ಳಿಗೆ ನನ್ನ ಆರು ವರ್ಷ ಹೋಯ್ತು," ಎಂದು ಅವಳು ತಿರುಗಿಸಿ ಕೊಟ್ಟಳು. ಅವಳು ರಜೆ ಹಾಕಿ ಆ ಭಾಗವನ್ನೆಲ್ಲ ಹೊಸದಾಗಿ ಬರೆದಳು. ಮೊದಲೆರಡು ಪುಟ ಶಾಲೆಯ ಮಕ್ಕಳಂತೆ ದುಂಡಗೆ ಬರೆದಳು, ಮೂರನೆಯದಕ್ಕೆ ಬರುವಷ್ಟರಲ್ಲಿ ಕೈ ತನ್ನ ಹಳೇ ಚಾಳಿಗೆ ಬಿತ್ತು. ತಿಂಗಳು ಮುಗಿಯಲು ಐದು ದಿನವಿದ್ದಾಗ ಅವನು ಹೇಳದೆ ಕೇಳದೆ ಕಂತೆ ಎಳೆದುಕೊಂಡು ಕಂಪ್ಯೂಟರ್ ಮುಂದೆ ಕೂತ. ಅಂಗಡಿಯಲ್ಲಿ ಕೆಲಸವಿರಲಿಲ್ಲ, ಬೆಳಿಗ್ಗೆಯೂ ಟೈಪ್ ಮಾಡಿದ.

ಭಾನುವಾರ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟಿದ್ದಳು. ಪಕ್ಕದ ಕೋಣೆಯ ಟಕಟಕ ಸದ್ದು ನಿಂತಿತು. ಮತ್ತೆ ಶುರುವಾಗುತ್ತದೆಂದು ಅವಳು ಕಾದಳು. ಆಗಲಿಲ್ಲ. ಕುರ್ಚಿ ಸರಿದ ಸದ್ದಾಯಿತು.

ಅವನು ಒಂದು ಹಾಳೆ ಹಿಡಿದು ಬಾಗಿಲಲ್ಲಿ ಬಂದು ನಿಂತ. ಮೂಗಿನ ತುದಿಗೆ ಜಾರಿದ್ದ ಕನ್ನಡಕ, ಗಂಟಿಕ್ಕಿದ ಮುಖ.

"ಇಲ್ಲಿ ಏನಿದೆ? ನಂಗೆ ಓದಕ್ಕಾಗ್ತಿಲ್ಲ."

ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಸೆರಗಿಗೆ ಕೈ ಒರೆಸಿಕೊಂಡು ಹಾಳೆಯನ್ನು ತೆಗೆದುಕೊಂಡು ಕಿಟಕಿಯ ಬಳಿ ಹೋದಳು. ಕಾದಂಬರಿಯಲ್ಲಿ ಡಾಕ್ಟರು ಟೈಲರಮ್ಮನ ಬಾಗಿಲಿಗೆ ಬಂದು ನಿಲ್ಲುವ ಜಾಗ. ಆ ಹುಡುಗಿ ಹೇಳುವ ಮಾತು ಎರಡು ಸಾಲಿನಲ್ಲಿತ್ತು, ಎರಡನೆಯದು ಪೂರ್ತಿ ಗೆರೆ. ಬರೆದು ನಾಲ್ಕು ದಿನವೂ ಆಗಿರಲಿಲ್ಲ. ಅವಳು ಹಾಳೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

"ನಂಗೂ ಗೊತ್ತಾಗ್ತಿಲ್ಲ," ಎಂದಳು.

"ಸರಿಯಾಗಿ ನೋಡು."

"ನೋಡ್ತಾನೇ ಇದ್ದೀನಿ."

ಗಾಳಿಗೆ ಹಾಳೆ ಅಲುಗಿತು. ಅವನು ಅದರ ಇನ್ನೊಂದು ತುದಿ ಹಿಡಿದುಕೊಂಡು ಬಗ್ಗಿದ. ಒಲೆಯ ಮೇಲೆ ನೀರು ಕುದಿಯತೊಡಗಿತ್ತು. ಇಬ್ಬರೂ ಕಿಟಕಿಯ ಬೆಳಕಿನಲ್ಲಿ ಆ ಒಂದೇ ಸಾಲಿನ ಮೇಲೆ ತಲೆ ಬಾಗಿಸಿಕೊಂಡು ನಿಂತರು.